ಹುಳ ತಿಂದ ಹೊಂಗೆ ಎಲೆಗಳು

ಅವ್ವನ ಕಣ್ಣಿನ ಆಪರೇಷನ್ನು ಮುಗಿಸಿಕೊಂಡು ಅರಕಲಗೂಡಿನಿಂದ ವಾಪಸ್ಸು ಬಂದ ಪ್ರೇಮಕುಮಾರಿ, ಹಾಸನದ ತನ್ನ ಮನೆಯ ಬಾಗಿಲಲ್ಲಿ ನಿಂತು ಒಳಗೊಮ್ಮೆ ಕಣ್ಣಾಡಿಸಿದಳು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಗಂಡಸೊಬ್ಬನನ್ನು ನಾಲ್ಕು ದಿನ ಒಂಟಿಯಾಗಿ ಬಿಟ್ಟುಹೋದರೆ ಮನೆ ಏನಾಗುತ್ತದೋ ಅದೇ ಆಗಿತ್ತು. ಕುರ್ಚಿಯ ಮೇಲೆ ಒದ್ದೆ ಟವೆಲ್ಲು, ಫ್ರಿಡ್ಜಿನ ಮೇಲೆ ಬಾಚಣಿಗೆ, ಕಿಟಕಿಯಲ್ಲಿ ಅರ್ಧ ತಿಂದ ಬನ್ನು. ಹೋಗಲಿ, ಅದನ್ನೆಲ್ಲ ಸಹಿಸಬಹುದು. ಕಾಫಿ ಲೋಟದಲ್ಲಿ ಗೋಂದು ಕಲಸಿಟ್ಟು, ಅದು ಕಲ್ಲಾಗಿ ಕೂತಿತ್ತು. ಕಾಫಿ ಲೋಟದಲ್ಲಿ ಗೋಂದು ಕಲಸುವ ಗಂಡನನ್ನು ಏನು ಮಾಡಬೇಕು, ನೀವೇ ಹೇಳಿ!

ಗೌರೀಶ ಕೆಟ್ಟವನಲ್ಲ, ಆ ಮಾತನ್ನು ಮೊದಲೇ ಹೇಳಿಬಿಡಬೇಕು. ಕೆಲಸಕ್ಕೆ ಕೂತರೆ ಲೋಕ ಮರೆಯುವ ಜಾತಿ, ಅಷ್ಟೆ. ಗಂಡ ಹೆಂಡತಿ ಇಬ್ಬರೂ ಕಾಗದದಲ್ಲಿ ಮರ ಮಾಡಿ ಮಾರುವವರು. ಬಣ್ಣ ಹಚ್ಚಿ ಬರೆಯುವ ಮರವಲ್ಲ, ಕತ್ತರಿಸಿ ಕೂರಿಸುವ ಮರ. ಎಲ್ಲಕ್ಕಿಂತ ಹಿಂದೆ ತೆಳು ಬಣ್ಣದ ಕಾಗದದ ಬೆಟ್ಟ, ಅದರ ಮುಂದೆ ಕೆರೆ ಏರಿ, ಏರಿಯ ಮುಂದೆ ಲಂಟಾನದ ಪೊದೆ, ಎಲ್ಲಕ್ಕಿಂತ ಮುಂದೆ ಮರ. ಹೀಗೆ ಒಂದರ ಮುಂದೊಂದು ಪದರ ಇಟ್ಟು, ಪದರಗಳ ನಡುವೆ ರಟ್ಟಿನ ಚೂರು ಕೊಟ್ಟು ಸಂದು ಬಿಡಬೇಕು. ಆ ಸಂದಿನಲ್ಲಿ ನೆರಳು ಕೂರುತ್ತದೆ, ನೆರಳು ಕೂತರೆ ಕಾಗದಕ್ಕೆ ಜೀವ ಬರುತ್ತದೆ. ಬೆಟ್ಟ, ಕಾಂಡ, ಕೊಂಬೆ, ಗಾಜು, ಫ್ರೇಮು ಗೌರೀಶನ ಪಾಲು. ಎಲೆ ಪ್ರೇಮಕುಮಾರಿಯದು. ಒಂದೊಂದು ಎಲೆಯನ್ನೂ ಪುಟ್ಟ ಕತ್ತರಿಯಲ್ಲಿ ಕತ್ತರಿಸಿ, ನಡುವೆ ಉಗುರಿನಿಂದ ನರ ಎಳೆದು, ತುಸು ಬಾಗಿಸಿ ಅಂಟಿಸುವಳು. ಒಂದು ಮರಕ್ಕೆ ಸಾವಿರಗಟ್ಟಲೆ ಎಲೆ ಬೇಕು.

ವಸ್ತುಪ್ರದರ್ಶನಗಳಲ್ಲಿ ಸ್ಟಾಲು ಹಾಕುತ್ತಿದ್ದರು, ಗೃಹಪ್ರವೇಶ, ಮದುವೆ ಉಡುಗೊರೆ ಎಂದು ಫೋನಿನಲ್ಲೂ ಆರ್ಡರು ಬರುತ್ತಿದ್ದವು. ಸ್ಟಾಲಿಗೆ ಬಂದವರಲ್ಲಿ ಒಬ್ಬರಾದರೂ ಮೂಗು ಮುರಿದು, ‘ಬರೀ ಪೇಪರ್ ತಾನೆ, ಇಷ್ಟೊಂದು ರೇಟಾ?’ ಎನ್ನದೆ ಹೋಗುತ್ತಿರಲಿಲ್ಲ. ಅಂಥವರ ಕೈಗೆ ಪ್ರೇಮಕುಮಾರಿ ನಗುತ್ತಲೇ ಕತ್ತರಿ ಕೊಟ್ಟು, ‘ಒಂದೆಲೆ ಕತ್ತರ್ಸಿ ತೋರ್ಸಿ ಸಾ, ಮರ ಪುಕ್ಕಟೆ ಕೊಡ್ತೀನಿ’ ಎನ್ನುವಳು. ಪುಕ್ಕಟೆ ಗೆದ್ದುಕೊಂಡು ಹೋದವರು ಇದುವರೆಗೂ ಯಾರೂ ಇಲ್ಲ.

ಸೀರೆ ಸೆರಗು ಸಿಕ್ಕಿಸಿಕೊಂಡು ಮನೆಯನ್ನು ಒಂದು ಹದಕ್ಕೆ ತಂದಳು. ಕೊನೆಗೆ ಎಲೆಗಳ ಬೀರುವಿನ ಮುಂದೆ ಕೂತಳು. ಮಿಠಾಯಿ ಅಂಗಡಿಯಿಂದ ಕೇಳಿ ತಂದ ಪ್ಲಾಸ್ಟಿಕ್ ಡಬ್ಬಗಳಲ್ಲಿ ಬಣ್ಣಬಣ್ಣದ ಎಲೆ ಬೇರೆಬೇರೆ ತುಂಬಿಟ್ಟಿರುತ್ತಿದ್ದಳು. ಚಿಗುರಿನ ಡಬ್ಬ, ಬಲಿತ ಎಲೆಯ ಡಬ್ಬ, ಹಣ್ಣೆಲೆಯ ಡಬ್ಬ. ಅವನ್ನೆಲ್ಲ ಸರಿಸಿ, ತೀರಾ ಕೆಳಗಿನ ಖಾನೆಯ ಹಿಂದುಗಡೆಗೆ ಕೈ ಹಾಕಿ ಇನ್ನೊಂದು ಡಬ್ಬವನ್ನು ಎಳೆದಳು. ಡಬ್ಬ ಕೈಗೆ ಹಗುರವಾಗಿ ಬಂತು. ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ.

ಪ್ರೇಮಕುಮಾರಿ ಡಬ್ಬವನ್ನು ಬೋರಲು ಹಾಕಿ ನೋಡಿದಳು. ಅದರಲ್ಲಿದ್ದವು ಮಾರುವ ಎಲೆಗಳಾಗಿರಲಿಲ್ಲ. ಅವಳ ಮಗಳು ಧನ್ಯಾ ಕತ್ತರಿಸಿದ ಎಲೆಗಳು. ಧನ್ಯಾ ಈಗಿಲ್ಲ.

ಇದ್ದಿದ್ದರೆ ಈ ವರ್ಷ ಹೈಸ್ಕೂಲು. ಇದ್ದಾಗ ಸ್ಕೂಲು ಬಿಟ್ಟು ಬಂದವಳೇ ಯೂನಿಫಾರಂ ಕೂಡ ಬಿಚ್ಚದೆ ಅವ್ವನ ಪಕ್ಕ ಕೂತು ಕತ್ತರಿ ಹಿಡಿಯುವಳು. ಅವಳು ಕತ್ತರಿಸಿದ ಮೊದಲ ಎಲೆಯನ್ನು ನೋಡಿ ಪ್ರೇಮಕುಮಾರಿಗೆ ಸಿಟ್ಟೇ ಬಂದಿತ್ತು. ಅಂಚು ಓರೆಕೋರೆ, ಒಂದು ಬದಿಯಲ್ಲಿ ಯಾರೋ ಕಚ್ಚಿದ ಹಾಗೆ ಗುಂಡಗೆ ತುಂಡಾಗಿತ್ತು.

‘ಇದೇನೇ ಇದು, ಕತ್ತರಿ ಜಾರ್ತಾ?’

‘ಜಾರಿಲ್ಲ ಕಣವ್ವ. ಹುಳ ತಿಂದೈತೆ.’

‘ಹುಳ ತಿಂದ ಎಲೆ ಯಾರೇ ತಗೋತಾರೆ? ನೆಟ್ಟುಗೆ ಕತ್ತರ್ಸು.’

ಹುಡುಗಿ ಅವ್ವನ ಕೈ ಹಿಡಿದು ಎಳೆದುಕೊಂಡು ಮನೆಯ ಮುಂದಿನ ಹೊಂಗೆ ಮರದ ಕೆಳಗೆ ನಿಲ್ಲಿಸಿದಳು. ‘ಹುಳ ತಿನ್ನದೆ ಇರೋ ಎಲೆ ಒಂದು ತೋರ್ಸು ನೋಡಾನ,’ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಪ್ರೇಮಕುಮಾರಿ ಕತ್ತು ನೋಯುವವರೆಗೆ ನೋಡಿದಳು. ಒಂದೂ ಸಿಗಲಿಲ್ಲ. ಇಷ್ಟು ವರ್ಷ ಹೊಂಗೆ ಎಲೆ ಕತ್ತರಿಸಿ ಮಾರಿದವಳು ಹೊಂಗೆ ಎಲೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ!

‘ಆಯ್ತು ಕಣೆ ಮಾರಾಯ್ತಿ, ಗೆದ್ದೆ,’ ಎಂದು ನಕ್ಕು ಮಗಳಿಗೆ ಬೇರೆ ಡಬ್ಬ ಕೊಟ್ಟಳು. ‘ನಿನ್ನ ಹುಳದ ಎಲೆನೆಲ್ಲ ಇದ್ರಾಗೆ ಹಾಕ್ಕೋ. ನನ್ನವುಕ್ಕೆ ಬೆರೆಸ್ಬ್ಯಾಡ.’

ಆಗ ಗೌರೀಶ ಹಗಲೆಲ್ಲ ಒಂದು ಫ್ರೇಮಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನು ಮನೆಗೆ ಬರುವ ಹೊತ್ತಿಗೆ ಧನ್ಯಾ ಹೋಂವರ್ಕಿನ ಮುಂದೆ ತೂಕಡಿಸುತ್ತಿರುತ್ತಿದ್ದಳು. ಹುಳದ ಎಲೆಯ ಕಥೆ ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಾಗಬಾರದೆಂದು ಹುಡುಗಿ ಅವ್ವನಿಂದ ಆಣೆ ಹಾಕಿಸಿಕೊಂಡಿದ್ದಳು. ಡಬ್ಬ ತುಂಬಿದ ಮೇಲೆ ಒಂದು ಇಡೀ ಮರ ಮಾಡಿ ಅಪ್ಪನಿಗೆ ತೋರಿಸಬೇಕು, ‘ಅಪ್ಪಂಗೆ ಆಶ್ಚರ್ಯ ಆಗ್ಬೇಕು ಕಣವ್ವ’ ಎನ್ನುತ್ತಿದ್ದಳು.

ಡಬ್ಬ ತುಂಬುವುದಕ್ಕೆ ಇನ್ನೂ ಸ್ವಲ್ಪ ಇರುವಾಗ, ಮಳೆಗಾಲದಲ್ಲಿ ಜ್ವರ ಬಂತು. ಇವತ್ತು ಬಿಡುತ್ತದೆ, ನಾಳೆ ಬಿಡುತ್ತದೆ ಎಂದು ಡಾಕ್ಟರೂ ಕಾದರು, ಇವರೂ ಕಾದರು. ಜ್ವರ ಬಿಡಲಿಲ್ಲ, ಮಗುವೇ ಕೈಬಿಟ್ಟು ಹೋಯಿತು. ಆ ನೋವನ್ನು ಹೇಳಲು ಯಾವ ಮಾತೂ ಸಾಲದು, ಹೇಳದಿದ್ದರೇ ಒಳ್ಳೆಯದು.

ಗೌರೀಶನ ಊರು ಹೊಳೆನರಸೀಪುರದ ಕಡೆಯ ಹರದನಹಳ್ಳಿ. ಅವರ ಮನೆತನದಲ್ಲಿ ಒಂದು ಪದ್ಧತಿ. ಎಳೆಯ ಮಗು ಹೋದರೆ ಅದರದ್ದು ಅನ್ನುವ ಒಂದು ದಾರವೂ ಮನೆಯಲ್ಲಿ ಉಳಿಯಬಾರದು. ಬಟ್ಟೆ, ಬಳೆ, ಪುಸ್ತಕ, ಆಟದ ಸಾಮಾನು ಎಲ್ಲವನ್ನೂ ಗಂಟು ಕಟ್ಟಿ ಹೊಳೆಗೆ ಬಿಡಬೇಕು. ಏನಾದರೂ ಉಳಿಸಿಕೊಂಡರೆ ಮಗುವಿನ ಜೀವ ಅಲ್ಲೇ ಸುತ್ತುತ್ತದೆ, ಮುಂದೆ ಬರುವ ಮಗುವೂ ನಿಲ್ಲುವುದಿಲ್ಲ ಎಂದು ಹಿರಿಯರ ನಂಬಿಕೆ. ಅತ್ತೆ ಲಕ್ಕಮ್ಮ ತಾನೇ ಮುಂದೆ ನಿಂತು ಗಂಟು ಕಟ್ಟಿಸಿ, ಹೊಳೆನರಸೀಪುರದಲ್ಲಿ ಹೇಮಾವತಿಯ ದಡಕ್ಕೆ ಕರೆದೊಯ್ದಳು.

‘ಎಲ್ಲಾನೂ ಹಾಕಿದ್ಯೇನವ್ವಾ? ಏನೂ ಮಡಿಕ್ಕಂಡಿಲ್ವಲ್ಲ? ನನ್ನ ಮಗನ ತಲೆ ಮುಟ್ಟಿ ಹೇಳು,’ ಎಂದಳು ಲಕ್ಕಮ್ಮ. ಅವಳೂ ಅಳುತ್ತಿದ್ದಳು, ಅದನ್ನೂ ಹೇಳಬೇಕು. ಮೊಮ್ಮಗಳನ್ನು ಎತ್ತಿ ಆಡಿಸಿದ ಮುದುಕಿ.

ಪ್ರೇಮಕುಮಾರಿ ಗಂಡನ ತಲೆಯ ಮೇಲೆ ಕೈಯಿಟ್ಟು, ‘ಏನೂ ಇಲ್ಲ ಅತ್ತೆ’ ಎಂದಳು. ಗೌರೀಶ ಗಂಟನ್ನು ಎದೆಗವಚಿಕೊಂಡು ಸೊಂಟದ ಮಟ್ಟ ನೀರಿಗಿಳಿದ. ಬಿಡಲಾರದೆ ಬಿಡಲಾರದೆ ಕೊನೆಗೆ ಬಿಟ್ಟ. ದಡಕ್ಕೆ ಬಂದವನನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು.

ಡಬ್ಬ ಮಾತ್ರ ಹಾಸನದಲ್ಲಿ, ಬೀರುವಿನ ಕೆಳಗಿನ ಖಾನೆಯಲ್ಲಿತ್ತು. ಫೋನಿನಲ್ಲಿ ಫೋಟೋಗಳಿದ್ದವು, ಇಲ್ಲವೆಂದಲ್ಲ. ಫೋಟೋದಲ್ಲಿ ಮಗಳ ಮುಖ ಸಿಗುತ್ತದೆ, ಕೈ ಸಿಗುವುದಿಲ್ಲ. ಆ ಪುಟ್ಟ ಕೈ ಎಲ್ಲೆಲ್ಲಿ ತಿರುಗಿತು, ಎಲ್ಲಿ ತಡವರಿಸಿತು, ಎಲ್ಲಿ ಬೇಕೆಂದೇ ಕಚ್ಚಿತು ಎಂಬುದೆಲ್ಲ ಆ ಎಲೆಗಳ ಅಂಚಿನಲ್ಲಿತ್ತು. ಗಂಡ ಹೊರಗೆ ಹೋದಾಗ ಡಬ್ಬ ತೆಗೆದು, ಒಂದೊಂದೇ ಎಲೆಯ ಅಂಚಿನ ಮೇಲೆ ಬೆರಳಾಡಿಸುವಳು. ಆಮೇಲೆ ಒಂದು ಬಸಿರು ನಿಂತು, ನಿಂತಷ್ಟೇ ಬೇಗ ಹೋಯಿತು. ಲಕ್ಕಮ್ಮ, ‘ಅದ್ಯಾಕಿಂಗಾಯ್ತೋ, ಎಲ್ಲಾ ಬಿಟ್ಟಿದ್ವಲ್ಲ’ ಎಂದು ನಿಟ್ಟುಸಿರು ಬಿಟ್ಟಾಗ ಪ್ರೇಮಕುಮಾರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಬ್ಬವನ್ನು ಹೊಳೆಗೆ ಹಾಕಿ ಬಂದುಬಿಡುತ್ತೇನೆ ಎಂದು ಎಷ್ಟೋ ಸಲ ಚೀಲಕ್ಕೆ ತುಂಬಿದಳು. ಆಗಲಿಲ್ಲ. ಗಂಡನಿಗೆ ಹೇಳಿಬಿಡೋಣವೆಂದರೆ, ಅವನ ತಲೆ ಮುಟ್ಟಿ ಸುಳ್ಳು ಹೇಳಿದ ನಾಲಿಗೆ ಹೊರಳಲಿಲ್ಲ.

ಈಗ ಆ ಡಬ್ಬ ಖಾಲಿ.

ಹಾಲಿನ ಪ್ಯಾಕೆಟ್ಟು ಹಿಡಿದು ಗೌರೀಶ ಒಳಗೆ ಬಂದ. ‘ಬಂದ್ಯಾ? ಅತ್ತೆಗೆ ಕಣ್ಣು ಚೆನ್ನಾಗಿ ಕಾಣ್ತದಾ?’ ಎಂದ.

‘ಕಾಣ್ತದಂತೆ.’ ಪ್ರೇಮಕುಮಾರಿ ದನಿಯನ್ನು ಎಷ್ಟು ಬಿಗಿಹಿಡಿದರೂ ಒಡೆಯಿತು. ‘ಕೆಳಗಡೆ ಡಬ್ಬದಾಗಿದ್ದ ಎಲೆ ಎಲ್ರೀ?’

ಗೌರೀಶ ಹಾಲನ್ನು ಫ್ರಿಡ್ಜಿಗೆ ಇಡುತ್ತ ಆ ಕಡೆಗೇ ಮುಖ ಮಾಡಿ ಹೇಳಿದ. ‘ಅವಾ? ಚನ್ನರಾಯಪಟ್ಟಣದ ನಾಗಲಕ್ಷ್ಮಮ್ಮೋರ ಹೊಂಗೆ ಮರಕ್ಕೆ ಹಾಕ್ಬುಟ್ಟೆ. ಗೃಹಪ್ರವೇಶ ಒಂದ್ವಾರ ಮೊದಲೇ ಇಟ್ಕಂಡ್ರು, ಒಂದೇ ಸಮ ಫೋನು. ಬೇರೆ ಡಬ್ಬದವು ಸಾಲ್ದೆ ಬಂದ್ವು. ನೀನು ಬರೋಗಂಟ ಕಾಯಕಾಯ್ತದಾ? ಮೊನ್ನೆನೇ ಕೊಟ್ಟು ಬಂದೆ. ಯಾಕೆ?’

‘ಸುಮ್ಕೆ ಕೇಳ್ದೆ.’

ಅವನು ಇನ್ನೇನೋ ಹೇಳುವವನಂತೆ ತಿರುಗಿದ, ಹೇಳಲಿಲ್ಲ. ಪ್ರೇಮಕುಮಾರಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅಯ್ಯೋ ದೇವರೇ, ಮಗಳ ಕೈಯನ್ನು ಮಾರಿಬಿಟ್ಟೆವಲ್ಲ! ಮಾರಿದವನಿಗೆ ಗೊತ್ತಿಲ್ಲ, ಕೊಂಡವರಿಗೆ ಗೊತ್ತಿಲ್ಲ. ಯಾರನ್ನು ಬೈಯುವುದು? ಕೆಲಸದ ಎಲೆಗಳ ನಡುವೆ ಬಚ್ಚಿಟ್ಟವಳು ತಾನೇ. ಕೆಲಸದ ಎಲೆ ಎಂದುಕೊಂಡೇ ಅವನು ಬಳಸಿದ್ದಾನೆ.

ಮಾರನೆಯ ದಿನ ಬೆಳಿಗ್ಗೆ ತಿಂಡಿ ಮಾಡಿಟ್ಟು, ‘ಚನ್ನರಾಯಪಟ್ಟಣದ ಮರದ ಒಂದು ಕೊಂಬೆ ಎದ್ದೈತಂತೆ, ಸರಿ ಮಾಡ್ಬುಟ್ಟು ಬತ್ತೀನಿ,’ ಎಂದಳು.

‘ನಾನಂಟ್ಸಿದ್ದು ಏಳ್ತದಾ? ಇರು, ನಾನೇ ಓಯ್ತೀನಿ.’

‘ನೀವ್ ಬ್ಯಾಡ. ಎಲೆ ಕೆಲಸ ನಂದು.’

ಚೀಲದಲ್ಲಿ ಚಿಮಟ, ಬ್ಲೇಡು, ಹತ್ತಿ, ಆ ಖಾಲಿ ಡಬ್ಬ ಎಲ್ಲ ಇದ್ದವು. ಜೊತೆಗೆ ತಾನೇ ಕತ್ತರಿಸಿದ, ಅಂಚು ಚೊಕ್ಕಟವಾದ ಹೊಂಗೆ ಎಲೆಗಳ ಒಂದು ಪೊಟ್ಟಣ. ಮಗಳ ಎಲೆ ಒಂದು ಬಿಡಿಸಿದರೆ ಆ ಜಾಗಕ್ಕೆ ತನ್ನದೊಂದು. ಅಂಟಿದ ಕಾಗದವನ್ನು ಒದ್ದೆ ಹತ್ತಿ ಇಟ್ಟು ಮೆತ್ತಗೆ ಮಾಡಿ ಬಿಡಿಸುವುದು ಅವಳಿಗೆ ಹೊಸದೇನಲ್ಲ. ಗಿರಾಕಿಯ ಮರವೂ ಬೋಳಾಗುವುದಿಲ್ಲ, ಮಗಳೂ ಮನೆಗೆ ಬರುತ್ತಾಳೆ. ಬಸ್ಸು ಹಾಸನ ದಾಟುವ ಹೊತ್ತಿಗೆ ಅವಳ ಜೀವಕ್ಕೆ ಸ್ವಲ್ಪ ಧೈರ್ಯ ಬಂದಿತ್ತು.

ನಾಗಲಕ್ಷ್ಮಿಯ ಗಂಡನಿಗೆ ಚನ್ನರಾಯಪಟ್ಟಣದಲ್ಲಿ ಬಿತ್ತನೆ ಬೀಜ, ಗೊಬ್ಬರದ ಅಂಗಡಿ. ಮನೆಗಿನ್ನೂ ಬಣ್ಣದ ವಾಸನೆ, ಬಾಗಿಲಲ್ಲಿ ಒಣಗಿದ ಮಾವಿನ ತೋರಣ. ಒಳಗೆ ಕಾಲಿಟ್ಟರೆ ಎದುರು ಗೋಡೆಯಲ್ಲೇ ಮರ. ಗೌರೀಶ ಮಾಡಿದ್ದನ್ನು ಹೆಂಡತಿ ನೋಡಿದ್ದು ಅದೇ ಮೊದಲು. ಎಂಥಾ ಮರ ಮಾಡಿದ್ದ! ಬುಡದ ಗಂಟುಗಳು, ನೆಲಕ್ಕೆ ಬಾಗಿದ ಕೊಂಬೆ, ಅದರ ತುಂಬ ಎಲೆ, ಎಲೆಗಳ ಸಂದಿನಿಂದ ಕೆರೆಯ ನೀರು. ಬೇರೆ ದಿನವಾಗಿದ್ದರೆ ಹೆಮ್ಮೆಯಿಂದ ಬೀಗುತ್ತಿದ್ದಳು.

‘ಬನ್ನಿ ಅಕ್ಕ, ಕೂತ್ಕೊಳ್ಳಿ. ನಮ್ಮ ಮನೆಗೆ ಬಂದೋರೆಲ್ಲ ಮೊದ್ಲು ಇದನ್ನೇ ಕೇಳದು,’ ಎಂದಳು ನಾಗಲಕ್ಷ್ಮಿ.

‘ಅದೇ… ಕೊಂಬೆ ಎದ್ದೈತೆ ಅಂತ…’

‘ಎಲ್ಲಕ್ಕ ಎದ್ದೈತೆ? ನಾನು ಯಾರ್ಗೂ ಫೋನ್ ಮಾಡಿಲ್ವಲ್ಲ?’

ಸುಳ್ಳು ಅಲ್ಲಿಗೇ ಮುಗಿಯಿತು. ಪ್ರೇಮಕುಮಾರಿ ಇನ್ನೊಂದು ಸುಳ್ಳಿಗೆ ತಡಕಾಡಿದಳು, ಸಿಗಲಿಲ್ಲ. ಬದಲಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ, ಹೆತ್ತವ್ವನಿಗೂ ಹೇಳದ ಮಾತುಗಳೆಲ್ಲ ಆ ಪರಿಚಯವಿಲ್ಲದ ಹೆಂಗಸಿನ ಮುಂದೆ ಒಂದೊಂದಾಗಿ ಹೊರಗೆ ಬಂದವು. ಹುಳದ ಎಲೆ, ಜ್ವರ, ಹೊಳೆ, ತಲೆ ಮುಟ್ಟಿ ಹೇಳಿದ ಸುಳ್ಳು, ಎಲ್ಲವೂ. ಕೊನೆಗೆ, ‘ನಿಮ್ಮ ಮರ ಕೆಡ್ಸಲ್ಲ ಕಣವ್ವ. ಅವುನ್ನ ಮಾತ್ರ ತಕ್ಕೊಂಡು ಬೇರೆ ಅಂಟುಸ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ,’ ಎಂದಳು.

‘ಅಯ್ಯೋ, ಬಿಡ್ತು ಅನ್ನಿ!’ ನಾಗಲಕ್ಷ್ಮಿ ತಾನೂ ಕಣ್ಣೊರೆಸಿಕೊಂಡಳು. ಸ್ಟೂಲು ತಂದು ತಾನೇ ಹತ್ತಿ ಫ್ರೇಮನ್ನು ಇಳಿಸಿ ಊಟದ ಟೇಬಲ್ಲಿನ ಮೇಲೆ ಮಲಗಿಸಿದಳು. ‘ಕಿತ್ಕೊಳ್ಳಿ ಅಕ್ಕ. ನಿಮ್ಮ ಮಗೀಂದು ಎಷ್ಟವೋ ಅಷ್ಟೂ ಕಿತ್ಕೊಳ್ಳಿ. ಮರ ಬೋಳಾದ್ರೂ ಚಿಂತಿಲ್ಲ.’

ಗಾಜು ಬಿಚ್ಚಿದರು. ಪ್ರೇಮಕುಮಾರಿ ಬುಡದ ಕಡೆಯ ಕೊಂಬೆಯಿಂದ ಶುರು ಮಾಡಿದಳು. ಹುಳ ಕಚ್ಚಿದ ಗುರುತು ಹುಡುಕುವುದು ಎಷ್ಟರ ಕೆಲಸ? ಕತ್ತಲಲ್ಲಿ ಮುಟ್ಟಿದರೂ ಹೇಳುತ್ತೇನೆ ಎಂದುಕೊಂಡಿದ್ದಳು. ಆದರೆ ಆ ಕೊಂಬೆಯಲ್ಲಿ ಸಿಗಲಿಲ್ಲ. ಅದರ ಮೇಲಿನದರಲ್ಲೂ ಇಲ್ಲ. ನಾಗಲಕ್ಷ್ಮಿ ಕನ್ನಡಕ ಹಾಕಿಕೊಂಡು ಇನ್ನೊಂದು ಬದಿಯಿಂದ ಹುಡುಕುತ್ತ ಬಂದಳು.

‘ಇದಾ ಅಕ್ಕ?’

‘ಅಲ್ಲ.’

‘ಇದೊಂಚೂರು ಸೊಟ್ಟುಕ್ಕೈತೆ ನೋಡಿ.’

‘ಅದು ಬಾಗ್ಸಿರದು ಕಣವ್ವ. ಅಂಚು ನೆಟ್ಟುಗೈತೆ.’

ಮಾಡಿಕೊಟ್ಟ ಕಾಫಿ ಆರಿ ಕೆನೆ ಕಟ್ಟಿತು. ಇಬ್ಬರು ಹೆಂಗಸರು ಒಂದು ಮರದ ಎಲೆ ಎಲೆಯನ್ನೂ ಚಿಮಟದಿಂದ ಎತ್ತಿ ಎತ್ತಿ ನೋಡಿದರು. ತುದಿಯವರೆಗೆ ನೋಡಿ, ತುದಿಯಿಂದ ಮತ್ತೆ ಬುಡಕ್ಕೆ ಬಂದರು. ಎಲ್ಲವೂ ಚೊಕ್ಕ, ಎಲ್ಲವೂ ನುಣುಪು. ಹುಳ ಮುಟ್ಟಿದ ಎಲೆ ಆ ಮರದಲ್ಲಿ ಒಂದೂ ಇರಲಿಲ್ಲ.

ನಾಗಲಕ್ಷ್ಮಿಯೇ ಮೊದಲು ಹೇಳಿದ್ದು. ‘ಅಕ್ಕಾ, ನಿಮ್ಮೆಜಮಾನ್ರು ಮರ್ತಿರ್ಬೇಕು ಕಣಕ್ಕ. ಇದ್ಕೆ ಹಾಕೇ ಇಲ್ಲ. ಇಲ್ಲಿಲ್ಲ ಅಂದ್ರೆ ಮನೇಲೇ ಎಲ್ಲೋ ಅವೆ!’

ಪ್ರೇಮಕುಮಾರಿಗೆ ಆ ಮಾತು ಅರ್ಥವಾಗುವುದಕ್ಕೆ ಒಂದು ಗಳಿಗೆ ಬೇಕಾಯಿತು. ಹೌದಲ್ಲ! ಕಾಫಿ ಲೋಟ ಯಾವುದು, ಗೋಂದಿನ ಡಬ್ಬ ಯಾವುದು ಎಂದು ಗೊತ್ತಿಲ್ಲದ ಮನುಷ್ಯ, ಅವನಿಗೆ ಯಾವ ಎಲೆ ಎಲ್ಲಿಗೆ ಹಾಕಿದೆನೆಂಬುದು ಜ್ಞಾಪಕವಿರುತ್ತದೆಯೇ? ಬೇರೆ ಡಬ್ಬಕ್ಕೆ ಸುರಿದಿರುತ್ತಾನೆ, ಇನ್ಯಾವುದೋ ಕವರಿಗೆ ತುಂಬಿರುತ್ತಾನೆ. ಅಳುತ್ತಿದ್ದವಳು ನಕ್ಕೇಬಿಟ್ಟಳು. ನಾಗಲಕ್ಷ್ಮಿಯೂ ನಕ್ಕಳು. ಗಾಜು ಕೂರಿಸಿ ಮರವನ್ನು ಗೋಡೆಗೆ ಏರಿಸಿ, ಅರಿಶಿನ ಕುಂಕುಮ ಕೊಟ್ಟು, ಮುಡಿಗೆ ಮಲ್ಲಿಗೆ ಇಟ್ಟು, ‘ಸಿಕ್ಕಿದ್ ಮ್ಯಾಲೆ ಒಂದು ಫೋನ್ ಮಾಡ್ಬೇಕು, ನಮ್ಮಾಣೆ,’ ಎಂದು ಬಾಗಿಲವರೆಗೆ ಬಂದು ಕಳಿಸಿದಳು.

ವಾಪಸ್ಸು ಬರುವ ಬಸ್ಸಿನಲ್ಲಿ ಪ್ರೇಮಕುಮಾರಿ ಒಂದು ನಿರ್ಧಾರಕ್ಕೆ ಬಂದಳು. ಸಾಕು, ಇನ್ನು ಮುಚ್ಚುಮರೆ ಬೇಡ. ಪರವೂರಿನ ಹೆಂಗಸಿಗೆ ಹೇಳಿದ ಮೇಲೆ ಗಂಡನಿಗೆ ಹೇಳಲು ಏನು ರೋಗ? ಸುಳ್ಳು ಹೇಳಿದ್ದಕ್ಕೆ ಬೈಯಲಿ, ಒಂದೆರಡು ದಿನ ಮಾತು ಬಿಡಲಿ. ಬೈದರೂ ಅಪ್ಪನಲ್ಲವೇ ಅವನು, ಆ ಎಲೆಗಳನ್ನು ಅಂಗೈಯಲ್ಲಿಟ್ಟುಕೊಂಡರೆ ಕರಗಿಹೋಗುತ್ತಾನೆ. ಇಬ್ಬರೂ ಕೂತು ಆ ಮರ ಮಾಡೋಣ. ಅವನು ಕಾಂಡ ಕೊರೆಯಲಿ, ತಾನು ಮಗಳ ಎಲೆ ಅಂಟಿಸುತ್ತೇನೆ. ಯಾರು ಎಷ್ಟು ಕೊಡುತ್ತೇನೆಂದರೂ ಮಾರುವುದಿಲ್ಲ. ಅಪ್ಪನಿಗೆ ಆಶ್ಚರ್ಯವಾಗಬೇಕು ಎಂದಿದ್ದಳಲ್ಲ, ತಡವಾದರೂ ಆಗಲಿ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ಹೇಳಿ ನೋಡಿಕೊಂಡಳು. ಮಗಳು ಹೋದ ಮೇಲೆ ಅಷ್ಟು ಹಗುರವಾಗಿ ಅವಳು ಒಂದು ದಿನವೂ ಉಸಿರಾಡಿರಲಿಲ್ಲ.

ಮನೆಗೆ ಬಂದಾಗ ಗೌರೀಶ ಆಗಷ್ಟೇ ಸ್ನಾನ ಮಾಡಿ ಉಣ್ಣಲು ಕೂರುತ್ತಿದ್ದ. ತಾನೇ ಮುದ್ದೆ ತೊಳಸಿದ್ದ, ಬಸ್ಸಾರು ಬಿಸಿ ಮಾಡಿಟ್ಟಿದ್ದ. ಹೆಂಡತಿಯ ಮುಖದಲ್ಲಿ ನಗು ಕಂಡು ಅವನ ಮುಖವೂ ಅರಳಿತು.

‘ಏನು, ಮುಡಿ ತುಂಬ ಮಲ್ಲಿಗೆ? ಕೊಂಬೆ ಸರಿ ಓಯ್ತಾ?’

‘ಕೊಂಬೆಗೇನೂ ಆಗಿರ್ಲಿಲ್ಲ. ನಿಮ್ಗೊಂದು ಮಾತು ಹೇಳ್ಬೇಕು ಕಣ್ರೀ.’ ಪ್ರೇಮಕುಮಾರಿ ಚೀಲವನ್ನು ಇಳಿಸಲೂ ಇಲ್ಲ, ಅವನೆದುರು ನೆಲದ ಮೇಲೆ ಕೂತಳು. ‘ಅದ್ಕೂ ಮುಂಚೆ, ಆ ಎಲೆ ಎಲ್ಲಿ ಮಡಗಿದ್ದೀರಾ ನೆಪ್ಪು ಮಾಡ್ಕೊಳ್ಳಿ. ಕೆಳಗಿನ ಡಬ್ಬದವು. ಆ ಮರದಾಗಿಲ್ಲ. ನಾನು ಒಂದೊಂದೆಲೆನೂ ನೋಡ್ಕಂಡೇ ಬಂದಿದ್ದೀನಿ.’

ಗೌರೀಶ ಅವಳನ್ನೇ ನೋಡಿದ. ಆಮೇಲೆ ನಿಧಾನವಾಗಿ ನಗತೊಡಗಿದ. ‘ಗೊತ್ತಾಗ್ಲಿಲ್ವಾ ನಿಂಗೆ? ಒಂದೂ ಗೊತ್ತಾಗ್ಲಿಲ್ವಾ? ಅಂಗಾರೆ ನಾನು ಗೆದ್ದೆ ಬಿಡು!’

‘ಏನಂಗಂದ್ರೆ?’

‘ಎಲ್ಲಾನೂ ಅದ್ರಾಗೇ ಅವೆ ಕಣೆ.’ ಅವನು ನಗುವುದನ್ನು ನಿಲ್ಲಿಸಿ, ತಟ್ಟೆ ಪಕ್ಕಕ್ಕಿಟ್ಟ. ಅವನ ಮುಖ ಮೆತ್ತಗಾಯಿತು. ‘ನಿನ್ನೇನೇ ಹೇಳಾನ ಅಂತಿದ್ದೆ, ಬಾಯಿ ಬರ್ಲಿಲ್ಲ. ಮಗಳು ಹೋದ್ಮೇಲೆ ಒಂದಷ್ಟು ದಿನ ನಿನ್ನ ಕೈ ನಡುಗ್ತಿತ್ತಲ್ಲ. ಕತ್ತರಿ ಇಡ್ಕೊಂಡ್ರೆ ಗಡಗಡ ಅಂತ. ನಾನು ನೋಡ್ಕಂಡೇ ಇದ್ದೆ, ನೋಡಿಲ್ದಂಗೆ ಇದ್ದೆ. ಆ ಡಬ್ಬ ತೆಗ್ದು ನೋಡಿದ್ ತಕ್ಸಣ ತಿಳೀತು ನಂಗೆ. ಅಂಚೆಲ್ಲ ಓರೆಕೋರೆ, ಕತ್ತರಿ ಜಾರಿ ಜಾರಿ ಒಂದೊಂದ್ರಾಗೂ ಕಚ್ಚು. ನಾಚ್ಕೆ ಪಟ್ಕೊಂಡು ಹಿಂದುಗಡೆ ಬಚ್ಚಿಟ್ಟಿದ್ದೀಯ, ಎಸೆಯೋಕೂ ಮನ್ಸು ಬಂದಿಲ್ಲ.’

ಪ್ರೇಮಕುಮಾರಿ ಚೀಲದೊಳಗಿನ ಖಾಲಿ ಡಬ್ಬವನ್ನು ಹಿಡಿದುಕೊಂಡಳು.

‘ನಂಗೂ ಎಸೆಯೋಕೆ ಮನ್ಸು ಬರ್ಲಿಲ್ಲ ಪ್ರೇಮಾ. ಎಂಥಾ ದುಕ್ಕದಾಗೆ ಕೂತು ಕತ್ತರ್ಸಿರ್ತಾಳೋ ಇವ್ಳು ಅಂತ. ಅದ್ಕೇ ಒಂದೊಂದನ್ನೂ ತಗಂಡು, ಸುತ್ತ ಒಂಚೂರೇ ಒಂಚೂರು ಕತ್ತರ್ಸಿ, ನೆಟ್ಟುಗೆ ಮಾಡ್ದೆ. ಸಣ್ಣವಾದ್ವು, ಆಗ್ಲಿ, ತುದಿ ಚಿಗುರಿಗೆ ಬರ್ತವೆ ಅಂತ ಎಲ್ಲಾ ಕಡೆ ಬೆರೆಸಿ ಹಾಕ್ದೆ. ಆ ಮರದಾಗೆ ಈಗ ನಿನ್ನೆಲೆ ಯಾವ್ದು, ಆ ಎಲೆ ಯಾವ್ದು ಅಂತ ನಂಗೇ ಗೊತ್ತಾಗಾಕಿಲ್ಲ. ನಿಂಗೂ ಗೊತ್ತಾಗ್ಲಿಲ್ಲ ನೋಡು.’

‘ಕತ್ತರ್ಸಿದ ಚೂರು?’ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಕೇಳಿದಳು. ‘ಅಂಚು ಕತ್ತರ್ಸಿದ್ರಲ್ಲ, ಆ ಚೂರು ಎಲ್ರೀ?’

‘ಚೂರಾ? ಗುಡಿಸಿ ಕಸದ ಗಾಡಿಗೆ ಹಾಕ್ದೆ. ಅವು ಯಾಕೆ?’

ಹುಳ ತಿಂದ ಗುರುತು, ತಡವರಿಸಿದ ಕೈ, ಮಗಳು ಬೇಕೆಂದೇ ಬಿಟ್ಟ ಆ ಪುಟ್ಟ ಪುಟ್ಟ ಕಚ್ಚು, ಎಲ್ಲ ಆ ಚೂರುಗಳ ಜೊತೆ ಹೋಗಿತ್ತು. ಉಳಿದ ಎಲೆ ಚನ್ನರಾಯಪಟ್ಟಣದ ಗೋಡೆಯ ಮೇಲೆ ಇದೆ, ಆದರೆ ಅದು ಯಾವುದು ಎಂದು ಇನ್ನು ಹೆತ್ತವಳಿಗೂ ಗೊತ್ತಿಲ್ಲ. ಬಿಡಿಸಿಕೊಳ್ಳಿ ಎಂದು ಆ ಹೆಂಗಸು ಮರವನ್ನೇ ಮುಂದೆ ಮಲಗಿಸಿದ್ದಳು. ಮಗಳನ್ನು ಕೈಯಲ್ಲಿ ಎತ್ತಿ ಎತ್ತಿ ನೋಡಿ, ಅಲ್ಲ, ಇದಲ್ಲ, ಇದೂ ಅಲ್ಲ ಎಂದು ಬಿಟ್ಟು ಬಂದಿದ್ದಳು ತಾನು.

ಎದ್ದು ಕೂಗಿಕೊಳ್ಳಬೇಕು ಎನ್ನಿಸಿತು. ಅಯ್ಯೋ ಪಾಪಿ, ಅವು ನಿನ್ನ ಮಗಳವು ಕಣೋ, ನಿನಗೆ ತೋರಿಸಬೇಕು ಎಂದೇ ಮಾಡಿದ್ದವು, ಅವಳ ಕೈಯನ್ನು ನೀನೇ ಕತ್ತರಿಸಿ ಕಸಕ್ಕೆ ಹಾಕಿದೆ ಎಂದು ಅವನ ಅಂಗಿ ಹಿಡಿದು ಅಲ್ಲಾಡಿಸಬೇಕು ಎನ್ನಿಸಿತು. ಎದುರಿಗೆ ಕೂತ ಗೌರೀಶನ ಬಲಗೈ ಹೆಬ್ಬೆರಳಿನಲ್ಲಿ, ಕತ್ತರಿ ಹಿಡಿಯುವ ಕಡೆ, ಬೊಬ್ಬೆ ಎದ್ದು ಒಡೆದಿತ್ತು. ಬ್ಲೇಡು ಬಿಟ್ಟು ಕತ್ತರಿ ಹಿಡಿದು ರೂಢಿಯಿಲ್ಲದ ಕೈ. ಹೊಳೆಯಲ್ಲಿ ಆ ಗಂಟನ್ನು ಬಿಟ್ಟು ಬಂದ ಕೈಯೂ ಅದೇ.

ಅವಳ ಮುಖ ಕಂಡು ಗೌರೀಶ ಗಾಬರಿಯಾದ. ‘ಬೇಜಾರಾಯ್ತಾ? ನಿನ್ನ ಕೇಳ್ದೆ ಮುಟ್ಬಾರ್ದಾಗಿತ್ತು. ನಿನ್ನವೇ ಅಲ್ವಾ ಅವು?’

ಪ್ರೇಮಕುಮಾರಿ ಅವನ ಮುಖವನ್ನು ನೋಡಿದಳು.

‘ಹೂಂ ಕಣ್ರೀ,’ ಎಂದಳು. ‘ನನ್ನವೇ. ಆಗ ಕೈ ನಡುಗ್ತಿತ್ತಲ್ಲ.’

ಗೌರೀಶ ಸಮಾಧಾನದ ಉಸಿರು ಬಿಟ್ಟು ತಟ್ಟೆಯನ್ನು ಮುಂದಕ್ಕೆಳೆದುಕೊಂಡ. ‘ಏನೋ ಹೇಳ್ಬೇಕು ಅಂದ್ಯಲ್ಲ, ಏನದು?’ ಎಂದ.

‘ಏನಿಲ್ಲ, ಉಣ್ಣಿ,’ ಎಂದು ಪ್ರೇಮಕುಮಾರಿ ಸೌಟು ತೆಗೆದುಕೊಂಡು ಅವನ ಮುದ್ದೆಗೆ ಸಾರು ಬಿಟ್ಟಳು.